ಪಕ್ಕದ ಬೆಡ್ಡಿನ ದೇವರು

"ದೇವರು ದೊಡ್ಡವನು" ಅಂತ ಯಾರಾದರೂ ಅಂದರೆ ನನಗೆ ಈಗಲೂ ಒಂದು ಕ್ಷಣ ಬಾಯಿ ಕಟ್ಟುತ್ತದೆ. ಮಾತಿನಲ್ಲಿ ತಪ್ಪೇನಿಲ್ಲ. ಕಳೆದುಹೋದ ಪರ್ಸು ಸಿಕ್ಕಿದರೂ ಅನ್ನುತ್ತೇವೆ, ಪರೀಕ್ಷೆ ಪಾಸಾದರೂ ಅನ್ನುತ್ತೇವೆ. ಆದರೆ ಒಮ್ಮೆ ಅದನ್ನು ಕೇಳಬಾರದ ಜಾಗದಲ್ಲಿ ಕೇಳಿಬಿಟ್ಟೆ. ಆಸ್ಪತ್ರೆಯ ಮಕ್ಕಳ ವಾರ್ಡು. ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಪಕ್ಕದ ಬೆಡ್ಡಿನಲ್ಲಿ ಅದೇ ಕಾಯಿಲೆಯ ಆರು ವರ್ಷದ ಹುಡುಗಿ. ಇಬ್ಬರ ಬೋನ್ ಮ್ಯಾರೋ ರಿಪೋರ್ಟೂ ಒಂದೇ ಮಧ್ಯಾಹ್ನ ಬಂತು. ಹುಡುಗಿಯದ್ದು ಕ್ಲಿಯರ್. ನಮ್ಮ ಪುಟ್ಟನಿಗೆ ಹೋಗಿದ್ದ ಕಾಯಿಲೆ ವಾಪಸ್ ಬಂದಿತ್ತು. ಹುಡುಗಿಯ ತಾಯಿ ಎರಡೂ ಕೈ ಎತ್ತಿ ಮುಗಿದು, "ದೇವರು ದೊಡ್ಡವನು" ಅಂದರು. ಅಂದ ಮೇಲೆ ನಮ್ಮ ಕಡೆ ತಿರುಗಿದರು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಕ್ಕದವರ ತಟ್ಟೆಯಿಂದ ಗೊತ್ತಿಲ್ಲದೆ ತಿಂದುಬಿಟ್ಟವರ ಮುಖ.

ಅಕ್ಕ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು. "ಒಳ್ಳೇದಾಯ್ತು" ಅಂದಳು. ನಾನು ಅಲ್ಲೇ ಕಿಟಕಿಯ ಪಕ್ಕ ನಿಂತಿದ್ದೆ. ಎರಡು ಬೆಡ್ಡುಗಳ ನಡುವೆ ಒಂದು ಹಸಿರು ಪರದೆ, ಹೆಚ್ಚೆಂದರೆ ನಾಲ್ಕು ಅಡಿ ಜಾಗ. ಪರದೆಯ ಆ ಕಡೆ ನಿಂತಿದ್ದವನು ದೊಡ್ಡವನಾದರೆ ಈ ಕಡೆ ನಿಂತವನು ಯಾರು? ಒಬ್ಬನೇ ಆದರೆ, ನಾಲ್ಕು ಅಡಿ ನಡೆಯಲು ಅವನಿಗೆ ಏನು ಕಷ್ಟವಾಗಿತ್ತು? ಎಂಟು ವರ್ಷದಿಂದ ಈ ಪ್ರಶ್ನೆ ನನ್ನ ಜೊತೆ ಓಡಾಡುತ್ತಿದೆ. ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ. ಹೋದ ತಿಂಗಳು ಒಂದು ಫೋನ್ ಬಂತು. ಅದರಿಂದ ಬರೆಯಬೇಕು ಅನ್ನಿಸಿತು. ಆ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೋಕನ್

ಪುಟ್ಟ ವಾರ್ಡಿನ ಲೆಕ್ಕವನ್ನೆಲ್ಲ ಕಲಿತುಬಿಟ್ಟಿದ್ದ. ರಕ್ತದ ಯಾವ ಕೌಂಟ್ ಇಳಿದರೆ ಮಾಸ್ಕ್ ಹಾಕಬೇಕು, ಯಾವುದು ಇಳಿದರೆ ಓಡಬಾರದು, ಡ್ರಿಪ್ ಮಶೀನು ಯಾವ ರಾಗದಲ್ಲಿ ಕೂಗಿದರೆ ಗಾಳಿ ಸೇರಿದೆ, ಯಾವ ರಾಗದಲ್ಲಿ ಕೂಗಿದರೆ ಔಷಧಿ ಮುಗಿದಿದೆ, ಎಲ್ಲವೂ ಗೊತ್ತು. ಹೊಸದಾಗಿ ಬಂದ ನರ್ಸಿಗೆ ಇವನೇ ಹೇಳಿಕೊಡುತ್ತಿದ್ದ. ಕೈಗೆ ಅಂಟಿಸಿದ ಬಿಳಿ ಟೇಪಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ವಾಚು ಬರೆದುಕೊಂಡಿದ್ದ. ಅದರಲ್ಲಿ ಯಾವಾಗಲೂ ನಾಲ್ಕು ಗಂಟೆ. ನಾಲ್ಕಕ್ಕೆ ವಿಸಿಟರ್‌ಗಳನ್ನು ಒಳಗೆ ಬಿಡುತ್ತಿದ್ದರು.

ಒಂದು ದಿನ ಬಿಲ್ಲಿಂಗ್ ಕೌಂಟರಿನ ಮುಂದೆ ವೀಲ್‌ಚೇರಿನಲ್ಲಿ ನನ್ನ ಜೊತೆ ಕಾಯುತ್ತಿದ್ದಾಗ ಕೇಳಿದ. "ಮಾಮ, ದೇವರ ಹತ್ರ ಟೋಕನ್ ಇರುತ್ತಾ? ಇಲ್ಲಿ ಎಲ್ಲರೂ ಕೇಳ್ತಾರಲ್ಲ. ಯಾರದ್ದು ಮೊದಲು ನೋಡ್ತಾನೆ?" ನಾನು ನಕ್ಕು, "ಎಮರ್ಜೆನ್ಸಿ ಇದ್ರೆ ಟೋಕನ್ ಬೇಡ ಕಣೋ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮ ವಾರ್ಡಲ್ಲಿ ಎಲ್ಲರದ್ದೂ ಎಮರ್ಜೆನ್ಸಿನೇ ಅಲ್ವಾ?" ಅಂದ. ಅಷ್ಟರಲ್ಲಿ ನಮ್ಮ ನಂಬರ್ ಬಂತು. ಉತ್ತರ ಹೇಳುವ ಕಷ್ಟ ತಪ್ಪಿತು ಅಂತ ಆ ಕ್ಷಣಕ್ಕೆ ನನಗೆ ನಿಜವಾಗಿಯೂ ಖುಷಿಯಾಯಿತು.

ಶುರುವಿನಲ್ಲಿ ಡಾಕ್ಟರ್ ಹೇಳಿದ್ದು ಸುಳ್ಳೇನಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಈ ಬಗೆಯ ಲ್ಯುಕೇಮಿಯಾವೇ ಜಾಸ್ತಿ. ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಐದು ವರ್ಷ ದಾಟುತ್ತಾರೆ. ಹತ್ತರಲ್ಲಿ ಒಂಬತ್ತು ಅಂದ ತಕ್ಷಣ ನಾವೆಲ್ಲ ಆ ಒಂಬತ್ತರಲ್ಲಿ ಹೋಗಿ ಕೂತುಬಿಟ್ಟೆವು. ಹತ್ತನೆಯ ಜಾಗದಲ್ಲೂ ಯಾರೋ ಕೂರಬೇಕಲ್ಲ ಅನ್ನುವ ಯೋಚನೆ ಬರಲಿಲ್ಲ. ಬಂದರೂ ಅದು ಬೇರೆಯವರ ಮಗು ಅಂದುಕೊಂಡಿರಬೇಕು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನಮ್ಮ ಮಗುವನ್ನು ಉಳಿಸು ಅಂತ ಬೇಡಿದ ಪ್ರತಿ ಸಲವೂ, ಹತ್ತನೆಯದಕ್ಕೆ ಬೇರೆ ಯಾರನ್ನಾದರೂ ನೋಡಿಕೋ ಅಂತ ಒಳಗೊಳಗೇ ಹೇಳಿದ ಹಾಗಾಯಿತಲ್ಲ.

ಇನ್ನೊಂದು ಲೆಕ್ಕ ಆಮೇಲೆ ಓದಿ ತಿಳಿದದ್ದು. 1948ಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಕೆಲವು ತಿಂಗಳಲ್ಲಿ ಹೋಗುತ್ತಿದ್ದರು. ಹೆಚ್ಚುಕಡಿಮೆ ಎಲ್ಲರೂ. ಆ ವರ್ಷ ಸಿಡ್ನಿ ಫಾರ್ಬರ್ ಅನ್ನುವ ಅಮೆರಿಕದ ವೈದ್ಯ ಅಮಿನೊಪ್ಟೆರಿನ್ ಅನ್ನುವ ಔಷಧಿ ಕೊಟ್ಟು ಕೆಲವು ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಇಳಿದದ್ದನ್ನು ವರದಿ ಮಾಡಿದ. ಅಲ್ಲಿಂದ ಒಂದೊಂದೇ ಔಷಧಿ ಸೇರಿಸುತ್ತಾ, ಬೆರೆಸುತ್ತಾ ಹತ್ತರಲ್ಲಿ ಒಂಬತ್ತಕ್ಕೆ ಬಂದರು. ಹಾಗಾದರೆ 1948ಕ್ಕೆ ಮೊದಲಿನ ತಾಯಂದಿರ ಪ್ರಾರ್ಥನೆಯಲ್ಲಿ ಏನು ಕಡಿಮೆಯಾಗಿತ್ತು? ಅವರಿಗೂ ಯಾರೋ ಬಂದು "ದೇವರ ಇಚ್ಛೆ" ಅಂದಿರುತ್ತಾರೆ. ಆ ಇಚ್ಛೆ ಹೊಸ ಔಷಧಿ ಬಂದ ಹಾಗೆಲ್ಲ ಬದಲಾಗುತ್ತಾ ಹೋಯಿತಾ? ಇದನ್ನು ನಾಸ್ತಿಕರ ವಾದ ಅಂತ ಮುಂದಿಡುತ್ತಿಲ್ಲ. "ದೇವರ ಇಚ್ಛೆ" ಅನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಎಸೆಯುತ್ತೇವೆ ಅನ್ನುವುದಷ್ಟೇ ನನ್ನ ತಕರಾರು.

ಸಮಾಧಾನ ಹೇಳಲು ಬಂದವರು

ಕಾಯಿಲೆ ವಾಪಸ್ ಬಂದ ಎಂಟು ತಿಂಗಳಿಗೆ ಪುಟ್ಟ ಹೋದ. ಅದರ ಬಗ್ಗೆ ಬರೆಯುವುದಿಲ್ಲ.

ಆಮೇಲಿನ ಹದಿನೈದು ದಿನ ಮನೆಗೆ ಜನ ಬರುತ್ತಲೇ ಇದ್ದರು. ಯಾರೂ ಕೆಟ್ಟವರಲ್ಲ. ಆದರೂ ಆ ಮಾತುಗಳನ್ನು ಕೇಳುತ್ತಾ ಕೇಳುತ್ತಾ ನನಗೆ ದೇವರಿಗಿಂತ ಅವನ ವಕೀಲರ ಮೇಲೆ ಜಾಸ್ತಿ ಸಿಟ್ಟು ಬಂತು. "ದೇವರಿಗೆ ಒಳ್ಳೆಯವರೇ ಬೇಕು" ಅಂದರು ಒಬ್ಬರು. "ತಡೆದುಕೊಳ್ಳೋ ಶಕ್ತಿ ಇದ್ದವರಿಗೇ ಕಷ್ಟ ಕೊಡ್ತಾನೆ" ಅಂದರು ಇನ್ನೊಬ್ಬರು. (ಅಕ್ಕ ಆಮೇಲೆ ನನ್ನ ಹತ್ತಿರ, "ಸ್ವಲ್ಪ ಅಶಕ್ತಳಾಗಿದ್ದಿದ್ರೆ ಮಗ ಉಳೀತಿದ್ನಾ?" ಅಂದಳು.) ಹತ್ತಿರದ ಸಂಬಂಧಿಕರೊಬ್ಬರು ನಿಟ್ಟುಸಿರು ಬಿಟ್ಟು, "ಯಾವ ಜನ್ಮದ ಕರ್ಮವೋ" ಅಂದರು. ಯಾರ ಕರ್ಮ? ಟೇಪಿನ ಮೇಲೆ ವಾಚು ಬರೆದುಕೊಂಡಿದ್ದ ಹುಡುಗನದ್ದಾ?

ಕರ್ಮದ ಮಾತು ಹಗುರವಾದದ್ದಲ್ಲ, ಅದು ನನಗೆ ಗೊತ್ತು. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲೇ ಈ ಪ್ರಶ್ನೆ ನೇರವಾಗಿ ಎದ್ದಿದೆ. ಲೋಕದಲ್ಲಿ ಒಬ್ಬರಿಗೆ ಸುಖ, ಒಬ್ಬರಿಗೆ ದುಃಖ ಇದೆಯಲ್ಲ, ಹಾಗಾದರೆ ದೇವರಿಗೆ ಪಕ್ಷಪಾತ ಇದೆಯಾ, ದಯೆ ಇಲ್ಲವಾ ಅಂತ. ವೈಷಮ್ಯ, ನೈರ್ಘೃಣ್ಯ ಅನ್ನುವುದು ಅಲ್ಲಿನ ಪದಗಳು. ಅವನು ಜೀವಿಗಳ ಕರ್ಮ ನೋಡಿಯೇ ನಡೆಯುತ್ತಾನೆ, ಅದರಿಂದ ಆ ದೋಷ ಅವನಿಗಿಲ್ಲ ಅಂತ ಉತ್ತರ. ತರ್ಕವಾಗಿ ಅದಕ್ಕೆ ಒಂದು ಘನತೆ ಇದೆ. ಆದರೆ ಆ ಉತ್ತರ ಹುಟ್ಟಿದ್ದು ದೇವರ ಮೇಲಿನ ಆರೋಪ ಇಳಿಸಲು. ಅದನ್ನೇ ತಂದು ಮಗ ಹೋದ ಮನೆಯ ಹಜಾರದಲ್ಲಿ ಇಟ್ಟರೆ ಆರೋಪ ದೇವರಿಂದ ಇಳಿದು ಮಗುವಿನ ತಲೆ ಮೇಲೆ ಕೂರುತ್ತದೆ.

ನಾವು ಯಾಕೆ ಹೀಗೆ ಮಾತಾಡುತ್ತೇವೆ ಅಂತ ಯೋಚಿಸುತ್ತಿದ್ದಾಗ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದೆ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಅನ್ನುವ ಮನೋವಿಜ್ಞಾನಿಗಳು ಪ್ರಕಟಿಸಿದ್ದು. ತಪ್ಪು ಉತ್ತರ ಹೇಳಿದಾಗಲೆಲ್ಲ ಕರೆಂಟ್ ಶಾಕ್ ತಿನ್ನುತ್ತಿರುವ ಹೆಂಗಸೊಬ್ಬಳನ್ನು ವಿದ್ಯಾರ್ಥಿನಿಯರಿಗೆ ತೋರಿಸಿದರು. ಅದು ನಟನೆ, ಆದರೆ ನೋಡುವವರಿಗೆ ಗೊತ್ತಿಲ್ಲ. ಅವಳ ನೋವನ್ನು ನಿಲ್ಲಿಸಲು ತಮ್ಮ ಕೈಯಲ್ಲಿ ಆಗುವುದಿಲ್ಲ, ಅದು ಮುಂದುವರಿಯುತ್ತದೆ ಅಂತ ಗೊತ್ತಾದವರು ಆ ಹೆಂಗಸನ್ನೇ ಕೀಳಾಗಿ ನೋಡಲು ಶುರು ಮಾಡಿದರು. ಜಗತ್ತು ನ್ಯಾಯವಾಗಿದೆ ಅನ್ನುವ ನಂಬಿಕೆ ಉಳಿಯಬೇಕಾದರೆ ನೋವು ತಿನ್ನುವವಳಲ್ಲೇ ಏನೋ ತಪ್ಪಿರಬೇಕು, ಅಲ್ವಾ? ಇದನ್ನು ಓದಿದ ಮೇಲೆ ಆ ಸಂಬಂಧಿಕರ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಅವರು ನಮಗೆ ಹೇಳುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಆಡುತ್ತಿದ್ದ ಮೊಮ್ಮಗನ ಬಗ್ಗೆ ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತಿದ್ದರು.

ಬೈಬಲ್ಲಿನ ಯೋಬನ ಕಥೆಯಲ್ಲಿ ನನಗೆ ತುಂಬ ಹಿಡಿಸುವುದು ಅವನ ತಾಳ್ಮೆ ಅಲ್ಲ, ಅವನ ಮೂವರು ಗೆಳೆಯರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಅವರು ಬರುತ್ತಾರೆ. ಅವನ ಸ್ಥಿತಿ ನೋಡಿ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಒಂದು ಮಾತೂ ಆಡುವುದಿಲ್ಲ. ಎಂಥ ಗೆಳೆಯರು! ಆಮೇಲೆ ಬಾಯಿ ತೆರೆಯುತ್ತಾರೆ, ಅಲ್ಲಿಗೆ ಕೆಟ್ಟಿತು. ನೀನು ಏನೋ ಪಾಪ ಮಾಡಿರಬೇಕು, ದೇವರು ಸುಮ್ನೆ ಹೊಡೆಯುವುದಿಲ್ಲ ಅಂತ ಪುಟಗಟ್ಟಲೆ ವಾದ. ಯೋಬ ಒಪ್ಪುವುದಿಲ್ಲ. ದೇವರನ್ನೇ ಎದುರಿಗೆ ಬಾ ಅಂತ ಕರೆಯುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ತನ್ನ ಪರವಾಗಿ ವಾದಿಸಿದ ಗೆಳೆಯರ ಮೇಲೆ! ನನ್ನ ವಿಷಯದಲ್ಲಿ ನೀವು ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಬೈದವನು ಸರಿ, ಹೊಗಳಿದವರು ತಪ್ಪು. ಇದನ್ನು ಇನ್ನಷ್ಟು ಜನ ಗಮನಿಸಬಾರದಿತ್ತಾ?

ಏಕವಚನ

ಈಗ ಅಕ್ಕನ ವಿಷಯ. ಅವಳು ಮೊದಲಿಂದಲೂ ದೈವಭಕ್ತೆ. ನಾನು ಅಷ್ಟಕ್ಕಷ್ಟೆ, ಕಷ್ಟ ಬಂದಾಗ ನೆನೆಸಿಕೊಳ್ಳುವ ಪೈಕಿ. ಪುಟ್ಟ ಹೋದ ಮೇಲೆ ಮೂರು ತಿಂಗಳು ಅವಳು ದೇವರ ಕಡೆ ತಿರುಗಿಯೂ ನೋಡಲಿಲ್ಲ. ಪ್ರಾರ್ಥನೆಗೆ ಕೂರುತ್ತಿದ್ದ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಯಾರೂ ಕೇಳಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಮುಗಿದರೆ ಒಳ್ಳೆಯದು ಅಂತಲೂ ಅನ್ನಿಸಿತ್ತು.

ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಆ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಫೋನಿನಲ್ಲಿ ಯಾರ ಜೊತೆಗೋ ಜಗಳ ಆಡುತ್ತಿದ್ದಾಳೆ ಅಂದುಕೊಂಡೆ. ಬಾಗಿಲು ಸ್ವಲ್ಪ ತೆರೆದಿತ್ತು. ಕತ್ತಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಕೈ ಮುಗಿದಿರಲಿಲ್ಲ. "ನಿನಗೇನು ಗೊತ್ತು? ಎರಡು ವರ್ಷ ನಾನು ನಿದ್ದೆ ಮಾಡಿಲ್ಲ. ನೀನು ಒಂದು ರಾತ್ರಿ ಎದ್ದಿದ್ದೀಯಾ? ಅವನಿಗೆ ಸೂಜಿ ಚುಚ್ಚುವಾಗ ನಾನು ಕೈ ಹಿಡ್ಕೊಂಡಿದ್ದೆ. ನೀನೆಲ್ಲಿ ಹೋಗಿದ್ದೆ?" ಧ್ವನಿ ಏರುತ್ತಾ ಹೋಯಿತು. ನಡುವೆ ನಾನು ಅವಳ ಬಾಯಲ್ಲಿ ಯಾವತ್ತೂ ಕೇಳದ ಒಂದು ಬೈಗುಳವೂ ಬಂತು. ಆಮೇಲೆ ತುಂಬ ಹೊತ್ತು ಸದ್ದಿಲ್ಲ. ನಾನು ಹೊರಡಬೇಕು ಅನ್ನುವಷ್ಟರಲ್ಲಿ ಮೆತ್ತಗೆ ಅಂದಳು. "ಅವನಿಗೆ ಕತ್ತಲೆ ಅಂದ್ರೆ ಭಯ. ಲೈಟ್ ಆರಿಸಬೇಡ."

ನಾನು ನೀರು ಕುಡಿಯದೆ ವಾಪಸ್ ಬಂದು ಮಲಗಿದೆ.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರ ಇದೆ. ಮೇಷ್ಟ್ರಿಗೆ, ಡಾಕ್ಟರಿಗೆ, ಗುರುತಿಲ್ಲದ ದಾರಿಹೋಕರಿಗೂ "ನೀವು" ಅನ್ನುತ್ತೇವೆ. ಎಲ್ಲರಿಗಿಂತ ದೊಡ್ಡವನು ಅನ್ನಿಸಿಕೊಂಡ ದೇವರಿಗೆ ಮಾತ್ರ "ನೀನು". "ದೇವರೇ, ನೀವು ಕಾಪಾಡಿ" ಅಂದರೆ ಅರ್ಜಿ ಬರೆದ ಹಾಗಿರುತ್ತದೆ. ಈ ಏಕವಚನದಲ್ಲೇ ಜಗಳಕ್ಕೆ ಜಾಗ ಬಿಟ್ಟಿದ್ದಾರೆ ನಮ್ಮ ಹಿರಿಯರು. ಹರಿದಾಸರು ಇದನ್ನೇ ಪೂರ್ತಿಯಾಗಿ ಬಳಸಿಕೊಂಡು ನಿಂದಾಸ್ತುತಿಗಳನ್ನು, ಅಂದರೆ ಬೈಯುತ್ತಲೇ ಹೊಗಳುವ ಹಾಡುಗಳನ್ನು, ಹಾಡಿದರು. ದೇವರನ್ನು ಕಳ್ಳ ಅಂದರು, ಜಿಪುಣ ಅಂದರು. ಶಾಲೆಯಲ್ಲಿ ಓದಿದಾಗ ಅದು ಬರಿಯ ಚಮತ್ಕಾರ ಅನ್ನಿಸಿತ್ತು. ಕತ್ತಲೆ ಕೋಣೆಯ ಆ ಮಾತು ಕೇಳಿದ ಮೇಲೆ ಹಾಗನ್ನಿಸುವುದಿಲ್ಲ.

ದ್ರೌಪದಿ ಕೂಡ ಹೀಗೇ ಮಾತಾಡಿದವಳು. ವನಪರ್ವದಲ್ಲಿ, ರಾಜ್ಯ ಹೋಗಿ ಕಾಡು ಸೇರಿದ ಮೇಲೆ, ಧರ್ಮರಾಯನ ಮುಂದೆ. ಮಗು ಆಟದ ಸಾಮಾನಿನ ಜೊತೆ ಆಡಿದ ಹಾಗೆ ದೇವರು ನಮ್ಮ ಜೊತೆ ಆಡುತ್ತಾನೆ, ತಾಯಿ ತಂದೆ ನಡೆದುಕೊಳ್ಳುವ ಹಾಗೆ ನಡೆದುಕೊಳ್ಳುವುದಿಲ್ಲ, ಸಿಟ್ಟು ಬಂದ ಮಾಮೂಲಿ ಮನುಷ್ಯನ ಹಾಗೆ ನಡೆದುಕೊಳ್ಳುತ್ತಾನೆ ಅನ್ನುತ್ತಾಳೆ. ಧರ್ಮರಾಯ ಮೊದಲು ಅವಳ ಮಾತಿನ ಚಂದವನ್ನು ಮೆಚ್ಚುತ್ತಾನೆ, ಆಮೇಲೆ ಇದು ನಾಸ್ತಿಕರ ಮಾತಾಯಿತು ಅನ್ನುತ್ತಾನೆ. ಅವನ ಉಪದೇಶದಲ್ಲಿ ಬಹಳಷ್ಟು ನನಗೆ ಬೇಸರ ತರುತ್ತದೆ, ಆ ಸಂಬಂಧಿಕರ ನೆನಪಾಗುತ್ತದೆ. ಒಂದು ಮಾತು ಮಾತ್ರ ಬಿಡುವುದಿಲ್ಲ. ಫಲ ಬೇಕು ಅಂತ ನಾನು ಧರ್ಮದಲ್ಲಿ ನಡೆಯುತ್ತಿಲ್ಲ ಅನ್ನುತ್ತಾನೆ. ಕೊಡಬೇಕು, ಅದಕ್ಕೆ ಕೊಡುತ್ತೇನೆ. ಧರ್ಮವನ್ನು ವ್ಯಾಪಾರ ಮಾಡುವವನು ಎಲ್ಲರಿಗಿಂತ ಕೀಳು. ರಾಜ್ಯ, ಹಣ, ಮರ್ಯಾದೆ ಎಲ್ಲ ಕಳೆದುಕೊಂಡವನ ಬಾಯಲ್ಲಿ ಬಂದದ್ದರಿಂದ ಈ ಮಾತಿಗೆ ತೂಕ.

ಅಕ್ಕನ ವ್ಯಾಪಾರ ಆ ರಾತ್ರಿ ಮುಗಿದಿತ್ತು ಅನ್ನಿಸುತ್ತದೆ. ಮಾರನೆಯ ದಿನದಿಂದ ಬಾಗಿಲು ತೆರೆಯಿತು. ಒಂದು ವರ್ಷ ಆದ ಮೇಲೆ ನಾನೇ ಕೇಳಿದೆ, "ಈಗ ಏನು ಕೇಳ್ಕೋತೀಯ?" ಅಂತ. "ಏನೂ ಕೇಳಲ್ಲ. ಕೇಳೋದು ಬಿಟ್ಟಿದ್ದೀನಿ" ಅಂದಳು. "ಮತ್ತೆ ನಂಬಿಕೆ?" ಅಂದೆ. ಅವಳು ಅದಕ್ಕೆ ಕೊಟ್ಟ ಉತ್ತರವನ್ನು ನಾನು ಇನ್ನೂ ಅಗಿಯುತ್ತಾ ಇದ್ದೇನೆ. "ಇದ್ದಾನೆ ಅಂತ ನಂಬೋದು ಬೇರೆ, ಅವನನ್ನು ನಂಬೋದು ಬೇರೆ ಕಣೋ. ಇದ್ದಾನೆ ಅಂತ ನನಗೆ ಯಾವತ್ತೂ ಅನುಮಾನ ಬರಲಿಲ್ಲ. ಅವನ ಮೇಲಿದ್ದ ನಂಬಿಕೆ ಪೂರ್ತಿ ಹೋಯ್ತು. ಈಗ ಸ್ವಲ್ಪ ಸ್ವಲ್ಪ ವಾಪಸ್ ಬರ್ತಿದೆ. ಕೆಲವು ದಿನ ಬರಲ್ಲ."

ಕೇಳುವುದು

ಕೇಳುವುದನ್ನೇ ಅಳೆಯಲು ಹೋದವರೂ ಇದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 6 ಆಸ್ಪತ್ರೆಗಳ 1,802 ಹೃದಯದ ಬೈಪಾಸ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿಗೆ, ನಿಮಗಾಗಿ ಪ್ರಾರ್ಥನೆ ಮಾಡಬಹುದು, ಮಾಡದೆಯೂ ಇರಬಹುದು ಅಂತ ಹೇಳಿದರು. ಒಂದು ಗುಂಪಿಗೆ ಮಾಡಿಸಿದರು, ಇನ್ನೊಂದಕ್ಕೆ ಇಲ್ಲ. ಪ್ರಾರ್ಥನೆ ಸಿಕ್ಕವರಲ್ಲಿ 52%, ಸಿಗದವರಲ್ಲಿ 51% ಜನರಿಗೆ ಆಪರೇಷನ್ ಆದ ಮೇಲೆ ತೊಂದರೆ ಕಾಣಿಸಿತು. ಏನೂ ವ್ಯತ್ಯಾಸವಿಲ್ಲ. ಮೂರನೆಯ ಗುಂಪಿಗೆ ಖಂಡಿತ ಪ್ರಾರ್ಥನೆ ನಡೆಯುತ್ತದೆ ಅಂತ ಹೇಳಿಯೇ ಮಾಡಿಸಿದರು. ಅವರಲ್ಲಿ 59%. ನನಗೋಸ್ಕರ ಪ್ರಾರ್ಥನೆ ಮಾಡಿಸುವಷ್ಟು ಸೀರಿಯಸ್ಸಾ ಅಂತ ಹೆದರಿರಬಹುದು ಅನ್ನುವುದು ಒಂದು ಊಹೆ. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಜೋರಾಗಿ ನಕ್ಕಳು. ಪುಟ್ಟ ಹೋದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು ಇರಬೇಕು. "ನಲ್ಲಿ ಅಂದ್ಕೊಂಡಿದ್ದಾರಾ, ತಿರುಗಿಸಿದ್ರೆ ಬರೋದಕ್ಕೆ?" ಅಂದಳು.

ಉತ್ತರ ಬರದೆಯೂ ಮಾತಾಡುತ್ತಾ ಹೋಗುವುದು ಸುಲಭವಲ್ಲ. ಮದರ್ ತೆರೇಸಾ ಬರೆದ ಖಾಸಗಿ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷದ ಮೇಲೆ, 2007ರಲ್ಲಿ, ಪುಸ್ತಕವಾಗಿ ಹೊರಬಂದವು. ಸುಮಾರು ಐವತ್ತು ವರ್ಷ, ನಡುವೆ ಒಂದು ಸಣ್ಣ ಅವಧಿ ಬಿಟ್ಟರೆ, ಅವರಿಗೆ ಒಳಗೆ ಕತ್ತಲೆ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಹೊರಗೆ ನಗು, ಕೆಲಸ. ಕೆಲವರು ಅದನ್ನು ಕಪಟ ಅಂದರು. ನನಗೆ ಹಾಗನ್ನಿಸಲಿಲ್ಲ. ಉತ್ತರ ಬರೆಯದವನಿಗೆ ಐವತ್ತು ವರ್ಷ ಕಾಗದ ಬರೆದ ಹಾಗೆ ಅದು.

ನನ್ನ ಮಟ್ಟಿಗೆ ಹೇಳುವುದಾದರೆ, ನನಗೆ ಜಗಳ ಆಡುವಷ್ಟೂ ಸಲಿಗೆ ಇಲ್ಲ. ಇರುವುದು ಒಂದು ನೆನಪು. ಪ್ಲೇಟ್‌ಲೆಟ್ ಚೀಲ ತರಲು ರಾತ್ರಿ ಎಷ್ಟೋ ಸಲ ಬ್ಲಡ್ ಬ್ಯಾಂಕಿಗೆ ಹೋಗಿದ್ದೇನೆ. ಅದು ಕೆಂಪಗಿರುವುದಿಲ್ಲ, ತಿಳಿ ಹಳದಿ. ಫ್ರಿಜ್ಜಿನಲ್ಲೂ ಇಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ನಿಲ್ಲಿಸದೆ ಅಲುಗಾಡಿಸುತ್ತಾ ಇಡಬೇಕು. ಹಾಗಿಟ್ಟರೂ ಸಾಮಾನ್ಯವಾಗಿ 5 ದಿನ ಅಷ್ಟೇ ಬಾಳಿಕೆ. ಗಾಜಿನ ಆಚೆ ತಟ್ಟೆಗಳು ಆ ಕಡೆ ಈ ಕಡೆ ತೂಗುತ್ತಿದ್ದವು, ತೊಟ್ಟಿಲ ಹಾಗೆ. ಯಾವ ಮಗುವಿಗೆ ಹೋಗುತ್ತದೆ ಅಂತ ಗೊತ್ತಿಲ್ಲದ ಯಾರೋ ಬಂದು ಕೊಟ್ಟು ಹೋದದ್ದು. ರಾತ್ರಿ ಎರಡು ಗಂಟೆಗೆ ಅದನ್ನು ನೋಡುತ್ತಾ ನಿಂತಾಗ ಒಳಗೆ ಬಿಗಿದಿದ್ದು ಏನೋ ಸಡಿಲವಾಗುತ್ತಿತ್ತು. ಅದು ಭಕ್ತಿಯಾ? ನಿದ್ದೆಗೆಟ್ಟ ಮೈಯ ಆಯಾಸ ಇರಬಹುದು. ಹೆಸರಿಡಲು ಹೋಗಿಲ್ಲ.

ಆ ಫೋನಿನ ವಿಷಯ ಹೇಳುತ್ತೇನೆ ಅಂದಿದ್ದೆ. ಪಕ್ಕದ ಬೆಡ್ಡಿನ ಹುಡುಗಿಯ ತಾಯಿ ಮಾಡಿದ್ದು. ಇಷ್ಟು ವರ್ಷ ಅವರು ಅಕ್ಕನಿಗೆ ಫೋನ್ ಮಾಡಲು ಹಿಂಜರಿದು ಆಗಾಗ ನನಗೆ ಮಾಡುತ್ತಿದ್ದರು. ಹುಡುಗಿಗೆ ಈಗ ಹದಿನಾಲ್ಕು. ಚಿಕಿತ್ಸೆ ಮುಗಿದು ಐದು ವರ್ಷ ಆಯಿತು, ಕೊನೆಯ ಟೆಸ್ಟೂ ಚೆನ್ನಾಗಿ ಬಂದಿದೆ, ಇನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಅಂದಿದ್ದಾರಂತೆ. ಹೇಳುತ್ತಾ ಹೇಳುತ್ತಾ ಅತ್ತರು. "ನಿಮ್ಮ ಅಕ್ಕನಿಗೆ ಹೇಳಬೇಡಿ, ನೋವಾಗುತ್ತೆ" ಅಂದರು. "ದೇವರು ದೊಡ್ಡವನು" ಅನ್ನಲಿಲ್ಲ. ಅನ್ನದಿದ್ದದ್ದು ನನಗೆ ಗೊತ್ತಾಯಿತು.

ನಾನು ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಸಂಜೆ ಅಕ್ಕ ಬಟ್ಟೆ ಮಡಿಸುತ್ತಿದ್ದಾಗ ಸುಮ್ನೆ ಮಾತಿನ ನಡುವೆ ಹೇಳಿಬಿಟ್ಟೆ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಟವಲ್ಲಿನ ಅಂಚು ಸರಿ ಮಾಡಿ, ಮಡಿಸಿ, ಗುಡ್ಡೆಯ ಮೇಲಿಟ್ಟಳು.

"ಹೌದಾ? ಅದೊಂದು ಕೇಳಿದ್ದೆ" ಅಂದಳು.